ರೇಟ್ ಗುಟ್ಟು

ಇಳಕಲ್ಲಿನ ಸೀರೆ ಅಂಗಡಿ. ಗಲ್ಲಾದ ಮುಂದೆ ಮಾಮ, ರಿಂಗ್ ಲೈಟಿನ ಹಿಂದೆ ಅಳಿಯ.

"ಮಾಮಾ, 2020ರಾಗ ಟಿಕ್‌ಟಾಕ್ ಬಂದ್ ಆತು, ರೀಲ್ಸ್ ಸುರು ಆತು. ಇನ್ನ ವ್ಯಾಪಾರ ಅಂದ್ರ ವಿಡಿಯೋನ. ಸೀರಿ ಹೆಗಲಿಗೆ ಹಾಕ್ಕೊಂಡು ಕುಣೀರಿ."

"ಮಣಕಾಲು ನೋವೋ ತಮ್ಮಾ. ಕೊಂಡಿ ಹಾಕೋದು ತೋರಸೂಣು. ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸೋದು ನಮ್ಮ ಸೀರಿ ಗುರುತು."

"ಬೋರ್ ಆಕ್ಕೈತ್ರಿ. ಮೂರು ಸೆಕೆಂಡಿನಾಗ ಹಿಡೀಲಿಲ್ಲಂದ್ರ ಜನ ಮುಂದ ಜಾರತಾರ."

ಮಾಮ ಕುಣಿದರು. ಲಕ್ಷ ಜನ ನೋಡಿದರು.

"ಎಷ್ಟು ಸೀರಿ ಹೋದವು?"

"ಒಂದೂ ಇಲ್ರಿ. ಆದ್ರ ಎಲ್ಲಾರೂ ರೇಟ್ ಕೇಳ್ಯಾರ."

"ಹೇಳಬೇಕಿಲ್ಲೋ?"

"ಹೇಳಬಾರದ್ರಿ! ಇನ್‌ಬಾಕ್ಸಿಗೆ ಬರ್ರಿ ಅನ್ನಬೇಕು. ಗುಟ್ಟು ಇದ್ರ ಎಂಗೇಜ್‌ಮೆಂಟ್ ಏರತೈತಿ."

"ಸಂತಿಯಾಗ ಕುಂತು ಬದನಿಕಾಯಿ ರೇಟ್ ಕಿವಿಯಾಗ ಹೇಳಿದಂಗಾತು. ಇನ್‌ಬಾಕ್ಸಿಗರ ಯಾರರ ಬಂದಾರೇನು?"

"ಒಬ್ರು ಬಂದಾರ. ಕುಣಿಯೋ ಮುಂದ ನೀವು ಉಟ್ಟಿದ್ದ ಲುಂಗಿ ಎಲ್ಲಿ ಸಿಗತೈತಿ ಅಂತ."

ಲುಂಗಿ ಪಕ್ಕದ ಅಂಗಡಿಯದು. ಅವರಿಗೆ ಫೋನೇ ಇಲ್ಲ, ವ್ಯಾಪಾರ ಮಾತ್ರ ಜೋರು.

ಅಂಗಡಿಯ ಬಂಧುಗಳೇ, ಕುಣಿಯಿರಿ, ಬೇಡ ಅನ್ನುವುದಿಲ್ಲ. ಸೀರೆಯ ನೂಲು ಯಾವುದು, ಉದ್ದ ಎಷ್ಟು, ಬೆಲೆ ಎಷ್ಟು ಅನ್ನುವುದನ್ನು ಪರದೆಯ ಮೇಲೆ ಬರೆದು ಕುಣಿಯಿರಿ.