ಮುಂದ ಯಾರ್ರೀ ಕೋಚು?

ಕೆಲಸಾ ಹೋದಾಂವಗ ಇರೂ ಚಿಂತಿಗಿಂತ ಆ ಜಾಗಾಕ್ಕ ಯಾರ ಬರತಾರ ಅನ್ನೂ ಚಿಂತಿ ಊರ ಮಂದಿಗೆ ಭಾಳ. ಸಾಹೇಬ್ರಿಗೆ ವರ್ಗಾ ಆತು ಅಂದ್ರ, ಅವರ ಮನಿ ಸಾಮಾನು ಲಾರಿ ಏರೂದರೊಳಗ ಬೈಲಹೊಂಗಲದ ಚಾದಂಗಡ್ಯಾಗ ಮುಂದಿನ ಸಾಹೇಬ್ರ ಹೆಸರು, ಜಾತಿ, ಬೀಗರ ಊರು ಎಲ್ಲಾ ತೀರ್ಮಾನ ಆಗಿರತಾವು. ಖರೇ ಬರಾಂವ ಬ್ಯಾರೇದಾಂವನ ಇರತಾನ. ಬಂದ ಮ್ಯಾಲ "ನಾ ಅವತ್ತ ಹೇಳಿದ್ನಲ್ಲ" ಅನ್ನಾಕ ಒಬ್ಬ ತಯಾರ ಇದ್ದೇ ಇರತಾನ. ಅಂವಗ ಅವತ್ತಿನ ಚಾ ಫುಕಟ್.

ಈ ರೋಗ ಈಗ ಫುಟ್‌ಬಾಲಿಗೂ ಹತ್ತೇತಿ. ಹಂಗ ನೋಡಿದ್ರ ಫುಟ್‌ಬಾಲ್ ನಮ್ಮ ಆಟ ಅಲ್ರಿ. ನಮ್ಮದೇನಿದ್ರೂ ಕುಸ್ತಿ, ಕಬಡ್ಡಿ, ಈಗೀಗ ಟೆನಿಸ್ ಬಾಲಿನ ಕ್ರಿಕೆಟ್ಟು. ಬೆಳಗಾವಿ ಕ್ಯಾಂಪಿನವರು ಆಡತಾರ, ಅವರಿಗೆ ಮಿಲಿಟರಿ ಗಾಳಿನೂ ಬಡದೇತಿ, ಗೋವಾದ ಗಾಳಿನೂ ಬಡದೇತಿ. ನಮ್ಮ ಕಡೆ ಚಂಡು ಒದಿಯೋರು ಕಡಿಮಿ, ಚಂಡಿನ ಸುದ್ದಿ ಒದಿಯೋರು ಜಾಸ್ತಿ. ಅದರಾಗ ನಮ್ಮ ಅಕ್ಕನ ಮಗ ಮುಂದಿನ ಸಾಲಿನಾಂವ. ಬೆಳಗಾವ್ಯಾಗ ಇಂಜಿನಿಯರಿಂಗ್ ಓದತಾನ, ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ಹಾಕ್ಕೊಂಡ ಶನಿವಾರ ಊರಿಗೆ ಬರತಾನ. ನಿನ್ನಿ ಮ್ಯಾಚಿನಾಗ ಯಾರ ಗೋಲ್ ಹೊಡದ್ರೋ ಅಂತ ಕೇಳ್ರಿ, ತಲಿ ಕೆರಕೋತಾನ. ಮುಂದಿನ ಕೋಚ್ ಯಾರೋ ಅಂತ ಕೇಳ್ರಿ, ತಾಟಿನಾಗಿನ ಮಿರ್ಚಿ ಭಜಿ ಆರಿ ತಣ್ಣಗಾದ್ರೂ ಅವನ ಬಾಯಿ ಆರಂಗಿಲ್ಲ.

ಅವನ ಎದುರ ಪಾರ್ಟಿ ನಮ್ಮ ಸಣ್ಣ ಕಾಕಾ. ಮಲಪ್ರಭಾ ದಂಡಿಗೆ ಹೊಲ. ಆಫ್‌ಸೈಡ್ ಅಂದ್ರ ಏನಂತ ಈ ಜನ್ಮದಾಗ ಅವನಿಗೆ ತಿಳಿಯೂ ಲಕ್ಷಣ ಇಲ್ಲ. ಆದ್ರೂ ಕಾಕಾ ಬೆಂಗಳೂರು ಎಫ್‌ಸಿ ಪಕ್ಷ. ಕಾರಣ ಒಂದ: 2019ರ ಮಾರ್ಚ್ 17ಕ್ಕ ಮುಂಬೈದಾಗ ಐಎಸ್ಎಲ್ ಫೈನಲ್ ಆತಲ್ಲ, ಅದರಾಗ ರಾಹುಲ್ ಭೇಕೆ ಹೆಚ್ಚುವರಿ ಟೈಮಿನಾಗ ತಲಿಲೆ ಒಂದ ಗೋಲ್ ಹೊಡದು ಬೆಂಗಳೂರಿಗೆ ಕಪ್ ಕೊಡಿಸಿದ. ಸೋತಾವರು ಯಾರು? ಎಫ್‌ಸಿ ಗೋವಾ. ಮಹಾದಾಯಿ ನೀರಿಗೆ ಗೋವಾದವರ ಕೂಡ ನಮ್ಮ ಜಗಳ ಐತಲ್ಲ, ಅದರ ನ್ಯಾಯಮಂಡಳಿ ತೀರ್ಪು ಬಂದಿದ್ದು ಆ ಫೈನಲ್‌ನ ಹಿಂದಿನ ಆಗಸ್ಟ್‌ದಾಗ. ತೀರ್ಪು ಬಂತು, ಕಳಸಾ-ಬಂಡೂರಿ ನೀರು ಇವತ್ತಿಗೂ ಮಲಪ್ರಭಾಕ್ಕ ಬಂದಿಲ್ಲ. ಕಾಕಾನ ಲೆಕ್ಕದಾಗ ಆ ಗೋಲು ನೀರಿನ ಬಡ್ಡಿ. ಅಸಲು ಇನ್ನೂ ಬಾಕಿ ಐತಿ.

"ಅಜ್ಜಾ, ನಮ್ಮ ಊರಿಗೆ ಬೆಂಗಳೂರಕಿಂತ ಮಡಗಾಂವ್ ಹತ್ರ, ಗೋವಾ ಟೀಮೇ ನಮ್ಮ ಟೀಮ್ ಆಗಬೇಕಿತ್ತಲ್ಲ" ಅಂತ ಹುಡುಗ ಒಮ್ಮೆ ಚಾಷ್ಟಿ ಮಾಡಿದ. ಕಾಕಾ ಹೆಗಲ ಮ್ಯಾಲಿನ ವಲ್ಲಿ ಝಾಡಿಸಿ ಎದ್ದು ಹೋದಾಂವ ಊಟಕ್ಕೂ ಬರಲಿಲ್ಲ.

ಈಗ ಕೋಚಿನ ಸುದ್ದಿಗೆ ಬರೂಣು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಾಗ. ಮಾಲಕರು ಜೆಎಸ್‌ಡಬ್ಲ್ಯೂ, ಅಂದ್ರ ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನಿಯವರು. ಮೊದಲನೇ ಕೋಚ್ ಆಶ್ಲಿ ವೆಸ್ಟ್‌ವುಡ್, ಇಂಗ್ಲೆಂಡಿನಾಂವ. ಕೂಸು ಹುಟ್ಟಿದ ವರ್ಷನ ಐ-ಲೀಗ್ ಗೆದ್ದ ಬಿಟ್ಟಿತು. 2015-16ರಾಗ ಮತ್ತೊಮ್ಮೆ ಗೆದ್ದಿತು. ಅಷ್ಟ ಆದ ಮ್ಯಾಲ ಅಂವ ಗಂಟು ಕಟ್ಟಿದ, ಊರೆಲ್ಲಾ "ಇನ್ನ ಮುಂದ ಯಾರು, ಮುಗೀತು ಕಥಿ" ಅಂತ ಅತ್ತಿತು. ಬಂದಾಂವ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಾಗ ಕೋಚ್ ರೈಕಾರ್ಡ್ ಕೈಕೆಳಗ ಪಳಗಿದಾಂವ. 2016ರ ಜುಲೈದಾಗ ಬಂದ, ನವೆಂಬರ್‌ದಾಗ ಟೀಮ್ ದೋಹಾದಾಗ ಎಎಫ್‌ಸಿ ಕಪ್ ಫೈನಲ್ ಆಡಾಕತ್ತಿತ್ತು. ಭಾರತದ ಯಾವ ಕ್ಲಬ್ಬೂ ಅಲ್ಲೀತನಕ ಆ ಮೆಟ್ಟಿಲ ಹತ್ತಿರಲಿಲ್ಲ. ಇರಾಕಿನ ಏರ್‌ಫೋರ್ಸ್ ಕ್ಲಬ್ ಒಂದ ಗೋಲಿಂದ ಗೆದ್ದಿತು, ಇರಲಿ.

2018ರಾಗ ರೋಕಾನೂ ಹೋದ. ಮತ್ತ ಚಾದಂಗಡಿ ಗದ್ದಲ. ಸ್ಪೇನಿನಾಂವ ಬರತಾನಂತ, ಜರ್ಮನಿಯಾಂವ ಬರತಾನಂತ. ಆ ಖುರ್ಚಿ ಹಿಡದಾಂವ ರೋಕಾನ ಬಾಜೂಕ್ಕ ದಿನಾ ಕುಂದರತಿದ್ದ ಸಹಾಯಕ ಕಾರ್ಲೆಸ್ ಕ್ವಾದ್ರಾತ್. ಕಾಕಾನ ನೀರಿನ ಬಡ್ಡಿ ವಸೂಲಿ ಮಾಡಿದಾಂವ ಇವನ. ಅಂಥಾವನೂ 2021ರ ಜನವರಿಯಾಗ ಒಂದರ ಹಿಂದೊಂದು ಮೂರು ಮ್ಯಾಚ್ ಸೋತದ್ದಕ್ಕ ಹಾದಿ ಹಿಡದ. ನೌಷಾದ್ ಮೂಸಾ ಸ್ವಲ್ಪ ದಿನ ಪ್ರಭಾರಿ ಆಗಿ ಕುಂತ. ಪ್ರಭಾರಿ ಅಂದ್ರ ಗೊತ್ತಲ್ರಿ, ಸಹಿ ಮಾಡೂ ಅಧಿಕಾರ ಇರತೈತಿ, ಕುರ್ಚಿ ಮ್ಯಾಲ ಟಾವೆಲ್ ಹಾಕೂ ಅಧಿಕಾರ ಇರಂಗಿಲ್ಲ. ಆಮ್ಯಾಲ ಜರ್ಮನಿಯ ಮಾರ್ಕೊ ಪೆಜ್ಜಾಯೊಲಿ ಮೂರು ವರ್ಷದ ಕರಾರಿನ ಮ್ಯಾಲ ಬಂದು 2022ರ ಜೂನಿನಾಗ ಹೋದ. ಅವನ ಹೆಸರು ಸರಿಯಾಗಿ ಅನ್ನಾಕ ಕಲಿಯೂದರೊಳಗ ಅಂವ ಇರಲಿಲ್ಲ ಅಂತ ಕಾಕಾಗ ಇನ್ನೂ ಸಿಟ್ಟೈತಿ.

ಆಮ್ಯಾಲ ಸೈಮನ್ ಗ್ರೇಸನ್. ಒಂದ ಕಾಲದಾಗ ಲೀಡ್ಸ್ ಟೀಮ್ ಕಟಗೊಂಡು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಅವರ ಮನ್ಯಾಗನ ಮಣ್ಣ ಮುಕ್ಕಿಸಿದ ಗಂಡಸು. ಬಂದ ವರ್ಷನ ಡುರಾಂಡ್ ಕಪ್ ತಂದ, ಐಎಸ್ಎಲ್ ಫೈನಲ್‌ಗೂ ಒಯ್ದ. ಮರುವರ್ಷ ಡಿಸೆಂಬರ್‌ದಾಗ ಮುಂಬೈ ಸಿಟಿಯವರು ಕಂಠೀರವಕ್ಕ ಬಂದು ನಾಕು ಗೋಲ್ ಹೊಡದು ಹೋದ್ರು, ಅವರ ಬೆನ್ನ ಹಿಂದ ಗ್ರೇಸನ್ನೂ ಹೋದ. ಆವಾಗ ನಮ್ಮ ಹುಡುಗ ಆರು ಹೆಸರು ಬರದ ಇಟ್ಟಿದ್ದ, ಆರೂ ದೊಡ್ಡ ದೊಡ್ಡ ಹೆಸರು. ಬಂದಾಂವ ಜೆರಾರ್ಡ್ ಝರಗೋಝಾ. ಯಾರಿಂವ? ಕ್ವಾದ್ರಾತ್ ಕಪ್ ಗೆದ್ದ ವರ್ಷ ಅವನ ಬಾಜೂಕ್ಕ ಕುಂತಿದ್ದ ಸಹಾಯಕ! ರೋಕಾನ ಬಾಜೂ ಕ್ವಾದ್ರಾತ್, ಕ್ವಾದ್ರಾತ್ ಬಾಜೂ ಝರಗೋಝಾ. ಇಂವ 2025ರ ಏಪ್ರಿಲ್‌ದಾಗ ಕೋಲ್ಕತ್ತಾದಾಗ ಮೋಹನ್ ಬಾಗಾನ್ ಎದುರ ಫೈನಲ್ ಸೋಲೂತನಕ ಟೀಮ್ ಎಳಕೊಂಡ ಹೋದ.

ಇಷ್ಟ ನೋಡಿದ ಮ್ಯಾಲ ನಾ ಹುಡುಗಗ ಒಂದ ಗುಟ್ಟು ಹೇಳಿದೆ: "ತಮ್ಮಾ, ವಿಮಾನದಾಗ ಯಾರ ಬರತಾರ ನೋಡಬ್ಯಾಡ. ಕುರ್ಚಿ ಬಾಜೂಕ್ಕ ನೀರಿನ ಬಾಟ್ಲಿ ಹಿಡಕೊಂಡ ಸುಮ್ಮನ ಯಾರ ಕುಂತಾರ ಅವರನ್ನ ನೋಡ." ಅಂವ ನಕ್ಕ. "ಮಾಮಾ, ಅದರಾಗ ಏನ ಮಜಾ ಐತಿ?" ಅಂದ. ಹೌದಲ್ರಿ. ಮಜಾ ಇರೂದ ಗುರುತಿಲ್ಲದ ಹೆಸರಿನಾಗ. ಬಾಜೂಕಿನಾಂವ ಎಷ್ಟ ಚೊಲೋ ಇದ್ರೂ ನೋಡಿ ನೋಡಿ ಹಳಬ ಆಗಿರತಾನ.

ಮುಂದ ಯಾರು ಅನ್ನೂದನ್ನ ಹಗರಾಗಿ ತಗೋಬ್ಯಾಡ್ರಿ, ನಮ್ಮ ನಾಡಿಗೆ ಅದರ ಬೆಲಿ ಗೊತ್ತೈತಿ. 1824ರಾಗ ಕಿತ್ತೂರಿನಾಗ ಆಗಿದ್ದ ಏನು? ಶಿವಲಿಂಗರುದ್ರ ಸರ್ಜಾ ಸಾಯೂಕಿಂತ ಮೊದಲ ಶಿವಲಿಂಗಪ್ಪನ್ನ ದತ್ತಕ ತಗೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ ಇದು ನಡಿಯಂಗಿಲ್ಲ ಅಂದ, ಖಜಾನಿಗೆ ಪಹರೆ ಹಾಕಿದ. ಅಕ್ಟೋಬರ್ 23ಕ್ಕ ಸಾಹೇಬನ ಹೆಣಾ ಬಿತ್ತು. ಮುಂದಿನ ದೊರಿ ಯಾರಂತ ಕಂಪನಿಯವರು ಹೇಳೂದು ಬ್ಯಾಡ, ನಾವು ಹೇಳತೀವಿ ಅಂತ ರಾಣಿ ಚನ್ನಮ್ಮ ತೋರಿಸಿದ್ಲು. ಆ ತಾಯಿ ಕಡೀ ದಿನಾ ಕಳದದ್ದು ಇದ ಬೈಲಹೊಂಗಲದ ಕ್ವಾಟಿಯೊಳಗ. ಅದರ ಮುಂದ ನಮ್ಮ ಕೋಚಿನ ಗದ್ದಲ ಹುಡುಗರಾಟ ಖರೆ, ಆದ್ರ ದತ್ತಕದ ರಗಳಿ ಫುಟ್‌ಬಾಲಿನಾಗೂ ಕಡಿಮಿ ಇಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ ನೋಡ್ರಿ. ಅಲೆಕ್ಸ್ ಫರ್ಗ್ಯುಸನ್ 1986ರಿಂದ 2013ರತನಕ ರಾಜ್ಯಭಾರ ಮಾಡಿ, ಹೋಗುವಾಗ ಡೇವಿಡ್ ಮೋಯ್ಸ್ ಕಡೆ ಕೈ ಮಾಡಿ ತೋರಿಸಿ ಹೋದ. ಆರು ವರ್ಷದ ಕರಾರು. ಹತ್ತು ತಿಂಗಳಿಗೆ ಮಂದಿ ಮೋಯ್ಸನ್ನ ಇಳಿಸಿದ್ರು. ಅಲ್ಲಿಂದ ಇಲ್ಲೀತನಕ ವಾನ್ ಹಾಲ್, ಮೊರಿನ್ಯೊ, ಸೋಲ್ಶಾರ್, ಟೆನ್ ಹಾಗ್, ಅಮೊರಿಮ್ ಅಂತ ಸಾಲು ಹಚ್ಚಿ ಬಂದು ಕುಂತು ಎದ್ದಾರ. ವಾನ್ ಹಾಲ್‌ನ ಕಥಿ ಭಾಳ ಪಾಪ. ಎಫ್ಎ ಕಪ್ ಗೆದ್ದ, ಎರಡ ದಿನಕ್ಕ ಮನಿಗೆ ಕಳಿಸಿದ್ರು. "ಗೆದ್ದಾಂವಗೂ ಅಷ್ಟ, ಸೋತಾಂವಗೂ ಅಷ್ಟನ?" ಅಂದ ಕಾಕಾ. ಸೊಸೈಟಿ ಎಲೆಕ್ಷನ್ ಮಾಡಿದಾಂವಗ ಇದು ಹೊಸಾದ ಅನಸಬಾರದಿತ್ತು.

ಇಂಗ್ಲೆಂಡಿನಾಗ ಮುಂದಿನ ಕೋಚ್ ಯಾರು ಅನ್ನೂದರ ಮ್ಯಾಲ ಕಾಯದೆಶೀರ ರೊಕ್ಕ ಕಟ್ಟತಾರ. ಅಂಗಡಿ ತಕ್ಕೊಂಡು ಕುಂತಿರತಾರ್ರಿ, ಇಂಥಾವನ ಮ್ಯಾಲ ಒಂದಕ್ಕ ಮೂರು, ಅಂಥಾವನ ಮ್ಯಾಲ ಒಂದಕ್ಕ ಹತ್ತು ಅಂತ. ಇದನ್ನ ಹೇಳಬಾರದಿತ್ತು ನಾ. ಓಸಿ ಬಿಟ್ಟು ಎರಡ ವರ್ಷ ಆಗಿದ್ದ ಒಬ್ಬಾಂವ ಬಾಜೂ ಬಾಕಿನ ಮ್ಯಾಲಿಂದ ಕಿವಿ ನಿಮಿರಿಸಿ ಕುಂತ. ರೇಟು ಏರೂದು ಇಳಿಯೂದು ಹೆಂಗ? ಬರೇ ಗಾಳಿ. ಒಬ್ಬ ಕೋಚಿನ ಏಜೆಂಟ್ ತನ್ನ ಮನಿಶಾನ ಹೆಸರನ್ನ ಪೇಪರಿನವರ ಕಿವ್ಯಾಗ ಊದತಾನ. ಆ ಕ್ಲಬ್ಬಿನವರು ಇವನ್ನ ಕೇಳಿರೂದ ಇಲ್ಲ, ಆದ್ರ ಇವನ ಈಗಿನ ಮಾಲಕರು ಹೆದರಿ ಪಗಾರ ಏರಸತಾರ. ಕನ್ಯಾ ನೋಡಾಕ ಬಂದಾರಂತ ಸುದ್ದಿ ಹಬ್ಬಿಸಿದ್ರ ಖರೇ ಬೀಗರು ಲಗೂನ ಓಡಿ ಬರತಾರಲ್ಲ, ಥೇಟ್ ಅದ.

ಇನ್ನೊಂದ ಗುರುತು ಕ್ಲಬ್ಬಿನ ಪ್ರಕಟಣೆ. "ನಮ್ಮ ಕೋಚ್ ಮ್ಯಾಲ ನಮಗ ಪೂರ್ತಿ ವಿಶ್ವಾಸ ಐತಿ" ಅಂತ ಆಡಳಿತ ಮಂಡಳಿಯವರು ಹೇಳಿದ ದಿನ ಕೋಚ್ ಹೇಣತಿಗೆ ಫೋನ್ ಮಾಡಿ ಪೆಟ್ಟಿಗಿ ಇಳಸಾಕ ಹೇಳಬೇಕ. ಕೇಳದ ವಿಶ್ವಾಸ ಯಾರೂ ಪುಕ್ಕಟೆ ಹೇಳಂಗಿಲ್ಲ. ನಮ್ಮ ರಾಜ್ಯದಾಗೂ "ನಾಯಕತ್ವ ಬದಲಾವಣಿ ಪ್ರಶ್ನಿನ ಇಲ್ಲ" ಅನ್ನೂ ಮಾತು ಯಾವಾಗ ಯಾವಾಗ ಬರತೈತಿ ನೆನಸಿಕೋರಿ. ನಾ ಹೆಸರು ಹೇಳಂಗಿಲ್ಲ, ಇಲ್ಲಿ ಎರಡೂ ಪಾರ್ಟಿಯವರು ಚಾ ಕುಡ್ಯಾಕತ್ಯಾರ.

ಕ್ಲಬ್ಬಿನ ಮಾತ ಹಿಂಗಾದ್ರ ದೇಶದ ಟೀಮಿಂದು ಇನ್ನೂ ಚಂದ. ಇಗೊರ್ ಸ್ಟಿಮ್ಯಾಕ್ ಅಂತ ಕ್ರೊಯೇಷಿಯಾದ ಕೋಚ್ ಇದ್ದನಲ್ಲ, ಅಂವ ಯಾರನ್ನ ಆಡಸಬೇಕು ಅಂತ ಜ್ಯೋತಿಷಿಗೆ ಆಟಗಾರರ ಪಟ್ಟಿ ಕಳಿಸಿ ಕೇಳತಿದ್ದ ಅಂತ 2023ರಾಗ ಪೇಪರಿನಾಗ ಬಂತು. ಕಾಕಾಗ ಇದರಾಗ ತಪ್ಪೇನೂ ಕಾಣಲಿಲ್ಲ. "ಅಲ್ಲೋ, ಬಿತ್ತಾಕ ಮಳಿ ನಕ್ಷತ್ರ ನೋಡತೀವಿ, ಬ್ವಾರ್ ಹೊಡಸಾಕ ತೆಂಗಿನಕಾಯಿ ಹಿಡಸತೀವಿ. ಅಂವ ಒಂದ ಪಟ್ಟಿ ತೋರಿಸಿದ್ರ ನಿಮಗೇನ ಹೊಟ್ಟಿನೋವು?" ಅಂದ. ಕಾಕಾನ ಹೊಲದಾಗ ತೆಂಗಿನಕಾಯಿ ಎದ್ದ ನಿಂತ ಮೂರೂ ಕಡೆ ಬ್ವಾರ್ ಫೇಲ್ ಆಗ್ಯಾವು, ಅದನ್ನ ಯಾರೂ ಎತ್ತಲಿಲ್ಲ.

2025ರ ಜುಲೈದಾಗ ದೇಶದ ಟೀಮಿನ ಕೋಚ್ ಮನೋಲೊ ಮಾರ್ಕೆಜ್ ಬಿಟ್ಟು ಹೋದ ಮ್ಯಾಲ ಫೆಡರೇಷನ್ನಿನವರು ಕೋಚ್ ಬೇಕಂತ ಅರ್ಜಿ ಕರದ್ರು. ನೂರಾ ಎಪ್ಪತ್ತು ಅರ್ಜಿ ಬಂದ್ವು. ಹುಡುಗ ಭಾರಿ ಸಂಖ್ಯೆ ಅನ್ನೂಹಂಗ ಹೇಳಿದ. "ನಮ್ಮ ಕಡೆ ಒಂದ ಅಂಗನವಾಡಿ ಪೋಸ್ಟಿಗೆ ಇದಕಿಂತ ಹೆಚ್ಚಿಗಿ ಬರತಾವಲೇ" ಅಂದ ಕಾಕಾ. ಆದ್ರ ಅರ್ಜಿಯೊಳಗ ಒಂದ ಹೆಸರು ಇತ್ತಂತ ಸುದ್ದಿ ಆತು: ಝಾವಿ. ಬಾರ್ಸಿಲೋನಾದ ಝಾವಿ! ವರ್ಲ್ಡ್ ಕಪ್ ಗೆದ್ದ ಝಾವಿ! ಹುಡುಗ ಅವತ್ತ ಊಟಾ ಮಾಡಲಿಲ್ಲ. ಝಾವಿ ಬಂದ್ರ ಛೇತ್ರಿ ಯಾವ ಜಾಗಾದಾಗ ಆಡಬೇಕು ಅಂತ ನೋಟ್‌ಬುಕ್ಕಿನಾಗ ಬಾಣದ ಗುರುತು ಹಾಕಿ ಹಾಕಿ ಬರದ. ಅಂವ ಕೇಳೂ ರೊಕ್ಕ ಕೊಡಾಕ ಆಗೂದಿಲ್ಲಂತ ಹೆಸರು ಬಿಟ್ರು ಅಂತ ಒಂದ ದಿನ ಸುದ್ದಿ. ಮರುದಿನ ಫೆಡರೇಷನ್ ಹೇಳಿತು: ಝಾವಿ ಹೆಸರಿನ ಮೇಲ್ ಅಷ್ಟ ಅಲ್ಲ, ಪೆಪ್ ಗಾರ್ಡಿಯೊಲಾ ಹೆಸರಿಲೆನೂ ಒಂದ ಬಂದಿತ್ತು, ಎರಡೂ ಖರೇವು ಅಲ್ಲ. ಹತ್ತೊಂಬತ್ತು ವರ್ಷದ ಒಬ್ಬ ಕಾಲೇಜ ಹುಡುಗ ಅದು ನಂದ ಕೆಲಸ ಅಂತ ಹೇಳಿಕೊಂಡನಂತ. ನಾ ನಮ್ಮ ಹುಡುಗನ ಮಾರಿ ನೋಡಿದೆ. "ನಾ ಅಲ್ಲೋ ಮಾಮಾ" ಅಂದ. ಅವನಿಗೆ ಸಿಟ್ಟು ಬಂದದ್ದು ಅದು ಸುಳ್ಳಂತ ಅಲ್ಲ, ಆ ಯೋಚನಿ ತನಗ ಹೊಳಿಲಿಲ್ಲಂತ.

ಕಡೀಕ ಮೂರು ಹೆಸರು ಉಳದ್ವು. ಆಗಸ್ಟ್ 1ಕ್ಕ ಆರಿಸಿದ್ದು ಖಾಲಿದ್ ಜಮೀಲನ್ನ. ಆವಾಗ ಜಮ್ಶೆಡ್‌ಪುರದ ಕೋಚ್, ನಮ್ಮ ದೇಶದಾಂವ. 2017ರಾಗ ಮಿಜೋರಮಿನ ಐಜ್ವಾಲ್ ಅನ್ನೂ ಸಣ್ಣ ಕ್ಲಬ್ಬಿಗೆ ಐ-ಲೀಗ್ ಗೆದ್ದು ಕೊಟ್ಟಾಂವ. ಇಷ್ಟ ವರ್ಷ ಕಣ್ಣ ಮುಂದನ ಇದ್ದ, ಬಾಜೂ ಕುರ್ಚ್ಯಾಗ. ಮಾತು ಕಡಿಮಿ, ಕೋಟು ಇಲ್ಲ, ಹೆಸರು ಸ್ಪೇನಿನದಲ್ಲ, ಯಾರ ಎಣಿಸತಾರ? ಮೊದಲನೇ ಟೂರ್ನಿಯಾಗ ತಜಿಕಿಸ್ತಾನಕ್ಕ ಹೋಗಿ ಅವರ ಮನ್ಯಾಗ ಅವರನ್ನ ಸೋಲಿಸಿದ, ಓಮನ್ ಮ್ಯಾಲ ಪೆನಾಲ್ಟಿಯಾಗ ಗೆದ್ದು ಮೂರನೇ ಸ್ಥಾನ ತಂದ. ಒಂದ ತಿಂಗಳ ಎಲ್ಲಾರೂ "ನಾ ಅವತ್ತ ಹೇಳಿದ್ನಲ್ಲ" ಅಂದ್ರು.

ಅಕ್ಟೋಬರ್ 14ಕ್ಕ ಸಿಂಗಾಪುರ ಎದುರ ಮೊದಲ ಗೋಲ್ ಹೊಡದು, ಎರಡ ಬಿಟಗೊಟ್ಟು ಸೋತ್ರು. ಏಷ್ಯನ್ ಕಪ್ ಹಾದಿ ಮುಚ್ಚಿತು. ಆ ವಾರ ಹುಡುಗ ಊರಿಗೆ ಬಂದಾಗ ಕಿಸೆದಾಗ ಹೊಸಾ ಪಟ್ಟಿ ಇತ್ತು. ಮೂರ ಹೆಸರು ಓದಿದ್ದ, ಕಾಕಾ ಕೈ ಅಡ್ಡ ಹಿಡದ.

"ಮ್ಯಾಚ್ ಎಲ್ಲಿ ಆಗಿತ್ತೋ?"

"ಮಡಗಾಂವ್ ಅಜ್ಜಾ. ಫತೋರ್ಡಾ ಸ್ಟೇಡಿಯಂ."

"ಗೋವಾದಾಗ?"

"ಹೂಂ."

"ಮತ್ತ ಆ ಕೋಚಿಗೆ ಯಾಕ ಬೈತಿ? ಕುಡ್ಯಾಕ ನೀರ ಕೊಡಲಾರದ ಮಂದಿ ಗೆಲುವ ಕೊಡತಾರನ?" ಅಂದ ಕಾಕಾ, ಆ ಪಟ್ಟಿ ಕಸಗೊಂಡು ಮಿರ್ಚಿ ಭಜಿಯ ಎಣ್ಣಿ ಒರಸಿಕೊಂಡ.