ನೆಲದ ದೋಷ

ಹೊಸ ಎಲೆಕ್ಟ್ರಿಕ್ ಕಾರು ಬಂದ ದಿನ ಗಾಲಿಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದಾಯಿತು, ಕುಂಬಳಕಾಯಿ ಒಡೆದದ್ದೂ ಆಯಿತು. ರಾತ್ರಿ ಪೋರ್ಟಿಕೋದ 16 ಆಂಪಿಯರ್ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ. ಮೊಬೈಲಿನಲ್ಲಿ ‘ಗ್ರೌಂಡ್ ಫಾಲ್ಟ್’ ಎಂಬ ಷರಾ.

“ಅಂದ್ರೇನೋ?” ಅಂದಳು ಅಮ್ಮ.

“ನೆಲದಲ್ಲಿ ದೋಷ ಅಂತೆ.”

ಹಾಗನ್ನಬಾರದಿತ್ತು. ಬೆಳಗಾಗುವಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಹಾಜರ್. “ಒಂದು ಗುಂಡಿ ತೋಡಿಸಿ, ಉಪ್ಪು ಸುರಿದು ನೀರು ಬಿಡಿ. ಭೂಮಿ ಶಾಂತವಾಗುತ್ತೆ” ಎಂದರು. ವಿಜ್ಞಾನ ಓದಿದವನು ನಾನು, ನಕ್ಕು ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ವೈಜ್ಞಾನಿಕವಾಗಿ ಪ್ಲಗ್ಗನ್ನು ಇಪ್ಪತ್ತು ಸಲ ಕಿತ್ತು ಸಿಕ್ಕಿಸಿದೆ.

ಅದೇ ಮನೆಯಲ್ಲಿ ಮಿಕ್ಸಿ ತಿರುಗುತ್ತದೆ, ಗೀಸರ್ ಕಾಯುತ್ತದೆ. ಫ್ರಿಜ್ ಎರಡು ವರ್ಷದಿಂದ ಮುಟ್ಟಿದರೆ ಜುಂ ಅನ್ನುತ್ತದೆ, ನಿಜ. ಅದಕ್ಕೆಂದೇ ಅಮ್ಮ ಅದರ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ದಾಳೆ. ವಯಸ್ಸಾದ ನೆಂಟರ ಸಿಡುಕಿನಂತೆ ಅದನ್ನೂ ನಾವು ಸ್ವಭಾವ ಎಂದು ಬಿಟ್ಟಿದ್ದೆವು. ಚಾರ್ಜರಿನ ಈ ಡಬ್ಬಿಗೆ ಮಾತ್ರ ದಾಕ್ಷಿಣ್ಯವಿಲ್ಲ. ಕರೆಂಟು ಎಲ್ಲಾದರೂ ಸೋರಿ ಕಾರಿನ ಲೋಹದ ಮೈಗೆ ಬಂದರೆ ನೆಲಕ್ಕಿಳಿಯಲು ದಾರಿ ಇದೆಯೇ ಎಂದು ಮೊದಲೇ ನೋಡುತ್ತದೆ. ಇಲ್ಲವೆಂದರೆ ಒಂದು ತೊಟ್ಟು ವಿದ್ಯುತ್ತನ್ನೂ ಬಿಡುವುದಿಲ್ಲ.

ಎಲೆಕ್ಟ್ರಿಷಿಯನ್ ಹೋಲ್ಡರಿಗೆ ಹಾಕಿದ ನೂರು ವ್ಯಾಟಿನ ಹಳೇ ಬಲ್ಬು ತಂದ. ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟಾಗ ಝಗ್ಗೆಂದಿತು. ನ್ಯೂಟ್ರಲ್ ಬಿಟ್ಟು ಅರ್ತಿಗೆ ಹಿಡಿದರೆ ಒಳಗಿನ ತಂತಿ ಬೀಡಿಯ ತುದಿಯಷ್ಟು ಕೆಂಪಾಯಿತು, ಅಷ್ಟೇ.

“ಅರ್ತ್ ಸತ್ತೋಗಿದೆ ಸಾರ್. ಗುಂಡಿ ಎಲ್ಲಿ?”

ಗೊತ್ತಿದ್ದವರು ಮನೆ ಕಟ್ಟಿಸಿದ ಅಪ್ಪ, ಅವರು ಈಗಿಲ್ಲ. ನಾವು ಗೋಡೆ ಗೋಡೆ ತಡಕುತ್ತಿದ್ದಾಗ ಅಮ್ಮ ಒಳಗಿನಿಂದಲೇ ಹೇಳಿದಳು: “ದಾಸವಾಳದ ಬುಡದಲ್ಲಿತ್ತಲ್ಲೋ. ಹಳೇ ಕಾರು ನಿಲ್ಲಿಸೋಕೆ ಅಂತ ನೀನೇ ಗಿಡ ಕಡಿಸಿ ಸಿಮೆಂಟ್ ಹಾಕಿಸಿದೆ.”

ಎರಡು ವರ್ಷದ ಹಿಂದೆ. ಅಲ್ಲಿಯವರೆಗೆ ದಿನಾ ಅಕ್ಕಿ ತೊಳೆದ ನೀರು ಆ ಬುಡಕ್ಕೆ ಬೀಳುತ್ತಿತ್ತು. ಹಸಿ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯುತ್ತದೆ, ಒಣಗಿದರೆ ಇಲ್ಲ. ಅಮ್ಮ ಗಿಡ ಸಾಕುತ್ತಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು, ಸಾಕುತ್ತಿದ್ದದ್ದು ನಮ್ಮನ್ನು.

ಹಳೇ ಪೈಪು ತುಕ್ಕು ತಿಂದಿತ್ತು. ಕಾಂಪೌಂಡಿನ ಮೂಲೆಯಲ್ಲಿ ಹೊಸ ಗುಂಡಿ ತೋಡಿ, ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಸುರಿದು, ನೀರು ಬಿಟ್ಟರು. ಮೇಷ್ಟ್ರು ಗೇಟಿನಾಚೆ ನಿಂತು ನೋಡುತ್ತಿದ್ದರು. “ನಾನು ಹೇಳಿದ್ದೂ ಇದೇ ಅಲ್ವೇ? ಮೂಲೆ ಬೇರೆ ಆಗ್ನೇಯ!” ಎರಡನೇ ಕಾಫಿ ಕೊಡಲೇಬೇಕಾಯಿತು.

ಜೊತೆಗೆ 30 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿದೆ. ಮೊದಲ ಬೆಳಿಗ್ಗೆಯೇ ಗೀಸರಿನ ಗುಟ್ಟು ರಟ್ಟಾಗಿ, ಮನೆಮಂದಿಗೆಲ್ಲ ತಣ್ಣೀರ ಸ್ನಾನ.

ಈಗ ಚಾರ್ಜರಿನಲ್ಲಿ ಹಸಿರು ದೀಪ. ಅಕ್ಕಿ ತೊಳೆದ ನೀರು ಮತ್ತೆ ಗುಂಡಿಗೇ ಹೋಗುತ್ತದೆ. ಮೊನ್ನೆ ನೋಡಿದರೆ ಅದರ ಪಕ್ಕದಲ್ಲೊಂದು ದಾಸವಾಳದ ಕಡ್ಡಿ.

“ಅಮ್ಮಾ, ಇದು ಬೆಳೆದ್ರೆ ಕಾರಿನ ಬಾಗಿಲು ತೆಗೆಯೋಕಾಗಲ್ಲ.”

“ಆ ಕಡೆಯಿಂದ ಇಳಿ” ಅಂದಳು.