ದುಂದುಗಾರ ಪಂಪಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ಸೋಡಿಯಂ-ಪೊಟ್ಯಾಸಿಯಂ ಪಂಪ್,
ಜೀವಕೋಶದ ಪೊರೆ.

ವಿಷಯ: ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ದುಂದುವೆಚ್ಚದ ಬಗ್ಗೆ ಆಕ್ಷೇಪಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಖರ್ಚು ಮಿತಿ ಮೀರಿದೆ. ಮನುಷ್ಯ ಏನೂ ಮಾಡದೆ ಚಾಪೆಯ ಮೇಲೆ ಬಿದ್ದುಕೊಂಡಿದ್ದರೂ ಅವನ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ತಮ್ಮ ಹೆಸರಿಗೇ ಬೀಳುತ್ತದೆ. ಮಿದುಳಿನಲ್ಲಂತೂ ಹೆಚ್ಚುಕಡಿಮೆ ಅರ್ಧ. ಇಷ್ಟು ಪಡೆದು ತಾವು ಮಾಡುವ ಕೆಲಸವೇನು? ಒಂದು ಎಟಿಪಿ ಒಡೆದು, ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ, ಎರಡು ಪೊಟ್ಯಾಸಿಯಂ ಒಳಗೆಳೆದುಕೊಳ್ಳುವುದು. ದಬ್ಬಿದ ಸೋಡಿಯಂ ಬೇರೆ ಬಾಗಿಲಿನಿಂದ ಮತ್ತೆ ನುಗ್ಗುತ್ತದೆ. ತಾವು ಮತ್ತೆ ದಬ್ಬುತ್ತೀರಿ. ಕೆರೆಯ ಹೂಳೆತ್ತಿ ದಂಡೆಗೆ ಸುರಿದು, ಮಳೆಗೆ ಅದು ಕೆರೆಗೇ ಇಳಿದ ಮೇಲೆ ಮತ್ತೊಮ್ಮೆ ಬಿಲ್ ಮಾಡುವ ಗುತ್ತಿಗೆದಾರರನ್ನು ನಾವು ಬಲ್ಲೆವು. ತಾವು ಅವರಿಗೂ ಗುರುಗಳು.

ಎರಡನೆಯದಾಗಿ, ತಾರತಮ್ಯದ ಆರೋಪ. ಕೋಶದ ಹೊರಗೆ ಲೀಟರಿಗೆ ಸುಮಾರು 145 ಮಿಲಿಮೋಲ್ ಸೋಡಿಯಂ, ಒಳಗೆ ಹತ್ತು ಹದಿನೈದು ಮಾತ್ರ. ತಾವು ಸುಮ್ಮನಿದ್ದರೆ ಎರಡೂ ಕಡೆ ಕ್ರಮೇಣ ಸಮವಾಗುತ್ತದೆ. ಹಾಗೆ ಸಮವಾದ ಕೋಶವನ್ನು ‘ಸತ್ತಿದೆ’ ಎನ್ನುತ್ತಾರೆಂಬುದು ನಮ್ಮ ಗಮನಕ್ಕೆ ಬಂದಿದೆ. ಆದರೆ ಅದು ಆರೋಗ್ಯ ಇಲಾಖೆಗೆ ಸೇರಿದ ವಿಷಯ, ಲೆಕ್ಕಪತ್ರ ವಿಭಾಗದ್ದಲ್ಲ.

ಶಾಲೆಗಳಲ್ಲೂ ವಿಚಾರಿಸಿದೆವು. ‘ಜೀವಕೋಶದ ಶಕ್ತಿಕೇಂದ್ರ ಯಾವುದು?’ ಎಂದರೆ ಮಕ್ಕಳು ನಿದ್ದೆಗಣ್ಣಲ್ಲೂ ಮೈಟೊಕಾಂಡ್ರಿಯ ಎನ್ನುತ್ತಾರೆ. ಒಂದು ಅಂಕ ಖಚಿತ. ಆ ಶಕ್ತಿ ಖರ್ಚಾಗುವುದೆಲ್ಲಿ ಎಂಬುದು ಪ್ರಶ್ನೆಪತ್ರಿಕೆಯಲ್ಲಿಲ್ಲ, ಆದ್ದರಿಂದ ಜೀವಶಾಸ್ತ್ರದಲ್ಲೂ ಇಲ್ಲ. ಮೈಟೊಕಾಂಡ್ರಿಯವೇ ಇಲ್ಲದ ಕೆಂಪು ರಕ್ತಕಣ ಒಂದು ಗ್ಲೂಕೋಸಿಗೆ ಎರಡೇ ಎಟಿಪಿ ಗಳಿಸುವ ಬಡತನದಲ್ಲೂ ತಮ್ಮನ್ನು ಸಾಕುತ್ತಿದೆ ಎಂದು ಕೇಳಿ ಬೇಸರವಾಯಿತು.

ತಮಗೆ ಮೇಲಿನವರ ಬೆಂಬಲವಿರುವುದೂ ಗೊತ್ತು. ಡೆನ್ಮಾರ್ಕಿನ ವೈದ್ಯ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ತಮ್ಮನ್ನು ಪತ್ತೆಹಚ್ಚಿದರು. ನಲವತ್ತು ವರ್ಷದ ನಂತರ, 1997ರಲ್ಲಿ, ರಸಾಯನಶಾಸ್ತ್ರದ ನೊಬೆಲ್‌ನ ಅರ್ಧ ಅವರಿಗೆ ಬಂತು. ಉಳಿದರ್ಧ ಎಟಿಪಿ ತಯಾರಾಗುವ ಬಗೆಯನ್ನು ಬಿಡಿಸಿದ ಬಾಯರ್ ಮತ್ತು ವಾಕರ್‌ಗೆ. ಗಳಿಕೆಗೆ ಅರ್ಧ, ಖರ್ಚಿಗೂ ಅರ್ಧ! ಸ್ವೀಡನ್ನಿನಲ್ಲಿ ಲೆಕ್ಕ ತಪಾಸಣೆ ಇಲ್ಲವೇ?

ತಮ್ಮನ್ನು ಅಮಾನತಿನಲ್ಲಿಡುವ ಪ್ರಸ್ತಾವವೂ ಇತ್ತು. ವಿಧಾನ ನಮ್ಮ ಬೇಲಿಗಳಲ್ಲೇ ಬೆಳೆಯುತ್ತದೆ: ದೇವರ ಮುಡಿಗೇರುವ ಕಣಗಿಲೆಯ ವಿಷ ತಮ್ಮ ಕೈಕಟ್ಟುತ್ತದೆ. ಆದರೆ ಉಳಿತಾಯದ ವರದಿ ಬರೆಯುವ ಮೊದಲೇ ಹೃದಯ ಲಯ ತಪ್ಪಿ ಕಡತ ಮುಚ್ಚುತ್ತದೆ.

ಇನ್ನು ಕರುಳಿನ ಶಾಖೆ. ಕಾಲರಾ ವಿಷ ಕರುಳಿನ ಕೋಶಗಳಿಂದ ಕ್ಲೋರೈಡನ್ನು ಹೊರಗೆ ಸುರಿಸುತ್ತದೆ. ಬೆನ್ನಿಗೇ ಸೋಡಿಯಂ, ನೀರು. ಆದರೆ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಒಳಬಿಡುವ ಒಂದು ಬಾಗಿಲು ಕೆಡದೆ ಉಳಿಯುತ್ತದೆ. 1960ರಲ್ಲಿ ಪ್ರಾಗ್‌ನಲ್ಲಿ ರಾಬರ್ಟ್ ಕ್ರೇನ್ ಮುಂದಿಟ್ಟ ವಿಚಾರವಿದು. ಆ ಬಾಗಿಲು ತಾನಾಗಿ ಎಟಿಪಿ ಸುಡುವುದಿಲ್ಲ. ತಾವು ಒಳಗೆ ಸೋಡಿಯಂ ಕಡಿಮೆ ಇಟ್ಟಿರುವುದರಿಂದಲೇ ಹೊರಗಿನದು ಧುಮುಕುತ್ತದೆ, ಗ್ಲೂಕೋಸನ್ನು ಎಳೆದು ತರುತ್ತದೆ, ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಂಗಾಳದ ಬನ್‌ಗಾಂವ್‌ನಲ್ಲಿ ನಿರಾಶ್ರಿತರು ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಬಾಟಲಿ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಆ ಜೀವಗಳನ್ನು ಯಾವ ಲೆಕ್ಕಶೀರ್ಷಿಕೆಯಡಿ ತೋರಿಸಬೇಕೆಂದು ನಮ್ಮ ಕೈಪಿಡಿಯಲ್ಲಿಲ್ಲ. ಹಾಗಾಗಿ ವಸೂಲಿ ಆದೇಶವನ್ನು ತಡೆಹಿಡಿದಿದ್ದೇವೆ.

ಇಂತಿ,
ಲೆಕ್ಕಪತ್ರ ವಿಭಾಗ

ಪ್ರತಿ: ಭೇದಿಯಾದ ಮಗುವಿಗೆ ‘ಎನರ್ಜಿ ಬರಲಿ’ ಎಂದು ತಂಪು ಪಾನೀಯ ಕುಡಿಸುವ ಎಲ್ಲ ಮನೆಗಳಿಗೆ. ಉಪ್ಪಿಲ್ಲದ ಸಕ್ಕರೆಗೆ ಆ ಬಾಗಿಲು ಸರಿಯಾಗಿ ತೆರೆಯದು. ಸಕ್ಕರೆ ಅತಿಯಾದರೆ ನೀರು ಮೈಯಿಂದ ಕರುಳಿಗೇ ವಾಪಸಾಗಿ ಭೇದಿ ಹೆಚ್ಚುತ್ತದೆ. ಅದೇ ಬಗೆಯ ಉಪ್ಪು-ಗ್ಲೂಕೋಸ್ ನೀರಾದ ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್. ಒಂದು ಲೀಟರಿನ ಪೊಟ್ಟಣವನ್ನು ದಯವಿಟ್ಟು ಒಂದು ಲೀಟರ್ ನೀರಿಗೇ ಬೆರೆಸಿ, ಒಂದು ಲೋಟಕ್ಕಲ್ಲ.